605 ಅಂಕ ಇಟ್ಟುಕೊಂಡು ಸೆಪ್ಟೆಂಬರ್‌ಗೇ ಎಂಬಿಎ ಅರ್ಜಿ ಹಾಕಲಾ, ಜನವರಿವರೆಗೆ ಕಾಯಲಾ?

ಓದುಗರ ಪ್ರಶ್ನೆ:

"ಮೇಡಂ, ನನಗೆ 28 ವರ್ಷ. ಆಸ್ಪತ್ರೆ ಉಪಕರಣಗಳನ್ನು ಪೂರೈಸುವ ಕಂಪನಿಯೊಂದರ ಸಪ್ಲೈ ಚೈನ್ ವಿಭಾಗದಲ್ಲಿ ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೇ ತಿಂಗಳಲ್ಲಿ ಟೀಮ್ ಲೀಡ್ ಆದೆ. ಆರು ಜನರ ತಂಡ. ಮುಂದಿನ ವರ್ಷ ಎಂಬಿಎ ಸೇರುವ ಆಸೆ. ಅಮೆರಿಕದ ನಾಲ್ಕು ಬಿಸಿನೆಸ್ ಸ್ಕೂಲ್, ಜೊತೆಗೆ ಫ್ರಾನ್ಸ್‌ನ ಇನ್ಸಿಯಾಡ್ ನನ್ನ ಪಟ್ಟಿಯಲ್ಲಿವೆ. ಜುಲೈನಲ್ಲಿ ಮೊದಲ ಸಲ ಎಂಬಿಎ ಪ್ರವೇಶ ಪರೀಕ್ಷೆ ಜಿಮ್ಯಾಟ್ ಬರೆದೆ, 605 ಬಂತು. ಕ್ವಾಂಟ್ (ಗಣಿತ) 84, ವರ್ಬಲ್ (ಇಂಗ್ಲಿಷ್) 81, ಡೇಟಾ ಇನ್‌ಸೈಟ್ಸ್ (ಕೋಷ್ಟಕ, ಚಾರ್ಟ್ ಓದಿ ಉತ್ತರಿಸುವುದು) 75. ಅರ್ಜಿಯ ಮೊದಲ ರೌಂಡ್, ಅಂದರೆ ಮೊದಲ ಗಡುವಿಗೆ, ಇನ್ನೊಂದು ತಿಂಗಳಿದೆ. 'ಎರಡನೇ ರೌಂಡ್‌ಗೆ ಹೋದರೆ ಸೀಟೇ ಉಳಿದಿರಲ್ಲ, ಈಗಲೇ ಹಾಕು' ಅಂತಾರೆ ಗೆಳೆಯರು. '700 ದಾಟದೆ ಹಾಕಲೇಬೇಡ' ಅಂತಾರೆ ಕೋಚಿಂಗ್‌ನವರು. ಈಗಿನ ಮ್ಯಾನೇಜರ್ ಬಂದು ಎರಡೇ ತಿಂಗಳು. ಹಳೆಯ ಮ್ಯಾನೇಜರ್ ಹತ್ತಿರ ಶಿಫಾರಸು ಪತ್ರ ಕೇಳಿದರೆ 'ನೀನೇ ಬರೆದು ಕಳಿಸು, ನಾನು ಹಾಕ್ತೀನಿ' ಅಂದರು. ಒಂದು ವರ್ಷ ತಡವಾದರೆ ವಯಸ್ಸು ಮೀರಿಹೋಗುತ್ತಾ? ಕಳೆದ ವರ್ಷ ಡಯಾಲಿಸಿಸ್ ಫಿಲ್ಟರ್‌ಗಳ ಸರಕು ಬಂದರಿನಲ್ಲಿ ಸಿಕ್ಕಿಬಿದ್ದಾಗ ಮೂರು ರಾತ್ರಿ ಕೂತು ಬೇರೆ ದಾರಿ ಹುಡುಕಿದ್ದೆ. ಅದೊಂದು ಬಿಟ್ಟರೆ ಅರ್ಜಿ ಜೊತೆ ಬರೆಯುವ ಎಸ್ಸೇಯಲ್ಲಿ ಹೇಳಿಕೊಳ್ಳುವಂಥದ್ದೂ ಏನಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?"

ಉತ್ತರ:

ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಈ ಸೆಪ್ಟೆಂಬರ್‌ಗೆ ಹಾಕಬೇಡಿ. ಜನವರಿಯ ಎರಡನೇ ರೌಂಡ್‌ಗೆ ಹಾಕಿ. ಇವತ್ತು ರಾತ್ರಿ ನಿದ್ದೆ ಮಾಡಿ.

ನೀವು ಕೇಳಿರುವುದು ನಾಲ್ಕು ವಿಷಯ: ರೌಂಡ್, ಅಂಕ, ಶಿಫಾರಸು ಪತ್ರ, ವಯಸ್ಸು. ಆದರೆ ಅವುಗಳ ಹಿಂದಿರುವ ಭಯ ಒಂದೇ. ಬಾಗಿಲು ಮುಚ್ಚಿಬಿಡುತ್ತಿದೆ, ನಾನು ಹೊರಗೇ ಉಳಿದುಬಿಡುತ್ತೇನೆ ಅನ್ನೋ ಭಯ. ಹನ್ನೆರಡು ವರ್ಷದಿಂದ ಇಂಥ ಅರ್ಜಿಗಳನ್ನು ಓದಿ ತಿದ್ದುವುದೇ ನನ್ನ ಕೆಲಸ. ಆ ಭಯದಲ್ಲಿ ಕಳಿಸಿದ ಅರ್ಜಿ ಓದಿದರೆ ಗೊತ್ತಾಗುತ್ತದೆ. ಎಸ್ಸೇಯ ಮೊದಲ ಪ್ಯಾರಾ ಚೆನ್ನಾಗಿರುತ್ತದೆ. ಕೊನೆಗೆ ಬರುವಷ್ಟರಲ್ಲಿ ಸ್ಕೂಲಿನ ವೆಬ್‌ಸೈಟಿನ ಮಾತುಗಳೇ ತಿರುಗಿ ಬಂದಿರುತ್ತವೆ. ಶಿಫಾರಸು ಪತ್ರದ ತುಂಬ ಹೊಗಳಿಕೆ ಇರುತ್ತದೆ, ಹುಡುಕಿದರೂ ಒಂದು ಘಟನೆ ಸಿಗುವುದಿಲ್ಲ.

ಈಗ ರೌಂಡ್ ವಿಷಯಕ್ಕೆ ಬರೋಣ. ಅಮೆರಿಕದ ಹೆಚ್ಚಿನ ಸ್ಕೂಲುಗಳಲ್ಲಿ ಮೊದಲ ರೌಂಡ್ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಆರಂಭದೊಳಗೆ ಮುಗಿಯುತ್ತದೆ, ಫಲಿತಾಂಶ ಡಿಸೆಂಬರ್‌ನಲ್ಲಿ. ಎರಡನೆಯದು ಜನವರಿ ಮೊದಲ ವಾರಗಳಲ್ಲಿ, ಫಲಿತಾಂಶ ಮಾರ್ಚ್ ಕೊನೆಯ ಹೊತ್ತಿಗೆ. ಮೂರನೆಯದು ಏಪ್ರಿಲ್ ಆಸುಪಾಸು. ನಿಮ್ಮ ಗೆಳೆಯರು ಹೇಳಿದ್ದು ಈ ಮೂರನೇ ರೌಂಡ್‌ಗೆ ಸರಿಹೊಂದುತ್ತದೆ. ಅಷ್ಟು ಹೊತ್ತಿಗೆ ಸೀಟೂ ಸ್ಕಾಲರ್‌ಶಿಪ್ ಹಣವೂ ಬಹುಪಾಲು ಹಂಚಿಹೋಗಿರುತ್ತವೆ. ಬೇರೆ ದೇಶದಿಂದ ಬರುವವರಿಗೆ ವೀಸಾಕ್ಕೂ ಸಮಯ ಸಾಲುವುದಿಲ್ಲ. ಹಾರ್ವರ್ಡ್‌ನಲ್ಲಂತೂ ಈಗ ಇರುವುದೇ ಎರಡು ರೌಂಡ್. ಆದರೆ ಎರಡನೇ ರೌಂಡ್ ಅಂದರೆ ಉಳಿದ ಚೂರುಪಾರು ಅಲ್ಲ. ಸ್ಕೂಲುಗಳು ಅದಕ್ಕೆಂದೇ ಸೀಟು ಕಾದಿರಿಸುತ್ತವೆ. ಅನೇಕ ಕಡೆ ಅರ್ಜಿಗಳ ದೊಡ್ಡ ರಾಶಿ ಬರುವುದೇ ಆಗ.

ಹಾಗಾದರೆ ಮೊದಲ ರೌಂಡ್‌ನವರಿಗೇ ಜಾಸ್ತಿ ಸಿಗುತ್ತದೆ ಅನ್ನೋ ಮಾತು ಎಲ್ಲಿಂದ ಬಂತು? ಒಂದು ವರ್ಷ ಮೊದಲೇ ಜಿಮ್ಯಾಟ್ ಮುಗಿಸಿ, ಸ್ಕೂಲುಗಳ ಬಗ್ಗೆ ವಿಚಾರಿಸಿ, ಬಾಸ್ ಹತ್ತಿರ ಮಾತಾಡಿ ಇಟ್ಟುಕೊಂಡವರು ಸಹಜವಾಗಿ ಸೆಪ್ಟೆಂಬರ್‌ಗೇ ಹಾಕುತ್ತಾರೆ. ಅವರಿಗೆ ಸೀಟು ಸಿಗುವುದು ಆ ತಯಾರಿಯಿಂದ. ಹೊರಗಿನಿಂದ ನೋಡುವವರಿಗೆ ತಿಂಗಳು ಕಾಣುತ್ತದೆ, ಅದರ ಹಿಂದಿನ ವರ್ಷ ಕಾಣುವುದಿಲ್ಲ. ಅರೆಬೆಂದ ಅರ್ಜಿ ಹಿಡಿದುಕೊಂಡು ಅದೇ ಸಾಲಿನಲ್ಲಿ ನಿಂತರೆ, ಆ ತಯಾರಿ ಮಾಡಿದವರ ಪಕ್ಕದಲ್ಲೇ ನಿಂತ ಹಾಗಾಗುತ್ತದೆ.

ಒಂದು ವಿಷಯ ನಿಮ್ಮ ಗೆಳೆಯರು ಹೇಳಿಲ್ಲ. ಬಹುತೇಕ ಸ್ಕೂಲುಗಳು ಒಂದು ಪ್ರವೇಶ ವರ್ಷದಲ್ಲಿ ಒಬ್ಬರಿಗೆ ಒಂದೇ ಅರ್ಜಿಗೆ ಅವಕಾಶ ಕೊಡುತ್ತವೆ. ಸೆಪ್ಟೆಂಬರ್‌ನಲ್ಲಿ ಹಾಕಿ, ಡಿಸೆಂಬರ್‌ನಲ್ಲಿ ಇಲ್ಲ ಅಂದರೆ, ಜನವರಿಯಲ್ಲಿ ಅದೇ ಸ್ಕೂಲಿಗೆ ಮತ್ತೆ ಹಾಕುವಂತಿಲ್ಲ. ಮುಂದಿನ ವರ್ಷ ಹಾಕಬಹುದು, ಎರಡನೇ ಸಲ ಹಾಕಿ ಗೆದ್ದವರು ಬೇಕಾದಷ್ಟಿದ್ದಾರೆ. ಆದರೆ ಆಗ 'ಹಿಂದಿನ ಸಲಕ್ಕಿಂತ ಏನು ಬದಲಾಗಿದೆ?' ಅನ್ನೋ ಪ್ರಶ್ನೆಗೆ ಉತ್ತರ ಕೊಡಬೇಕು. ಸುಮ್ನೆ ಒಂದು ಕಲ್ಲು ಎಸೆದು ನೋಡೋಣ ಅಂತ ಮಾಡುವ ಕೆಲಸ ಇದಲ್ಲ.

ಜಿಮ್ಯಾಟ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಿಮಗೆ ಸಿಕ್ಕಿರುವ ಸಲಹೆ ಹಳೆಯದು. ಹಳೆಯ ಜಿಮ್ಯಾಟ್ 2024ರ ಜನವರಿ 31ಕ್ಕೆ ನಿಂತುಹೋಯಿತು. ಈಗಿನ ಪರೀಕ್ಷೆಯ ಅಂಕ 205ರಿಂದ 805ರವರೆಗೆ, ಎಲ್ಲ ಅಂಕಗಳೂ 5ರಲ್ಲೇ ಮುಗಿಯುತ್ತವೆ. 700 ಅನ್ನೋ ಅಂಕವೇ ಇದರಲ್ಲಿ ಇಲ್ಲ. ಹಳೆಯ 700ಕ್ಕೆ ಹತ್ತಿರ ಬರುವುದು ಹೊಸದರ 645. ನಿಮ್ಮ 605 ಹಳೆಯ ಲೆಕ್ಕದಲ್ಲಿ ಸುಮಾರು 650. ಅದು ಕೆಟ್ಟ ಅಂಕವಲ್ಲ, ಆದರೆ ನಿಮ್ಮ ಪಟ್ಟಿಯ ಸ್ಕೂಲುಗಳಿಗೆ ಕಡಿಮೆಯೇ.

ಕಡಿಮೆ ಎಲ್ಲಿದೆ ಅಂತ ನೋಡಿ. ಮೂರು ವಿಭಾಗಕ್ಕೂ ಒಟ್ಟು ಅಂಕದಲ್ಲಿ ಸಮಾನ ಪಾಲು. ಕ್ವಾಂಟ್ 84 ಪರವಾಗಿಲ್ಲ. ನಿಮ್ಮನ್ನು ಕೆಳಗೆ ಎಳೆದಿರುವುದು ಡೇಟಾ ಇನ್‌ಸೈಟ್ಸ್‌ನ ಆ 75. ಹಳೆಯ ಪರೀಕ್ಷೆಯಲ್ಲಿ ಇಂಥ ಪ್ರಶ್ನೆಗಳ ಭಾಗ ಬೇರೆಯೇ ಇತ್ತು, ಅದರ ಅಂಕ ಒಟ್ಟು ಅಂಕಕ್ಕೆ ಸೇರುತ್ತಿರಲಿಲ್ಲ. ಅದಕ್ಕೇ ಹಳಬರ ಸಲಹೆಯಲ್ಲಿ ಅದರ ಮಾತೇ ಬರುವುದಿಲ್ಲ. ನೀವು ಯಾವ ಪುಸ್ತಕದಿಂದ ಓದಿದಿರಿ ಅಂತ ಒಮ್ಮೆ ತೆಗೆದು ನೋಡಿ. ಅದರಲ್ಲಿ ಜ್ಯಾಮಿತಿ, ಸೆಂಟೆನ್ಸ್ ಕರೆಕ್ಷನ್ (ವಾಕ್ಯ ತಿದ್ದುವ ಪ್ರಶ್ನೆ) ಇದ್ದರೆ ಅದು ಹಳೆಯ ಪರೀಕ್ಷೆಯ ಪುಸ್ತಕ, ಅವೆರಡನ್ನೂ ಈಗ ತೆಗೆದುಹಾಕಿದ್ದಾರೆ. ಕೊಟ್ಟ ಮಾಹಿತಿ ಉತ್ತರಕ್ಕೆ ಸಾಕೇ ಅಂತ ಕೇಳುವ ಡೇಟಾ ಸಫಿಶಿಯೆನ್ಸಿ ಪ್ರಶ್ನೆ ಕ್ವಾಂಟ್‌ನಿಂದ ಹೊರಬಂದು ಡೇಟಾ ಇನ್‌ಸೈಟ್ಸ್‌ಗೆ ಸೇರಿದೆ.

ಡೇಟಾ ಇನ್‌ಸೈಟ್ಸ್‌ನಲ್ಲಿ 45 ನಿಮಿಷಕ್ಕೆ 20 ಪ್ರಶ್ನೆ. ನಾನು ನೋಡಿದ ಹೆಚ್ಚಿನವರು ಸೋಲುವುದು ಗಣಿತದಲ್ಲಲ್ಲ, ಸಮಯದಲ್ಲಿ. ಮೂರು ಟ್ಯಾಬ್ ಇರುವ ಪ್ರಶ್ನೆ ಬಂದರೆ ಎಲ್ಲ ಟ್ಯಾಬ್‌ಗಳನ್ನೂ ಪೂರ್ತಿ ಓದಲು ಕೂರುತ್ತಾರೆ. ಕಡೇ ನಾಲ್ಕು ಪ್ರಶ್ನೆಗೆ ಉಸಿರು ಹಿಡಿದು ಕ್ಲಿಕ್ ಮಾಡುತ್ತಾರೆ. ಮೊದಲು ಏನು ಕೇಳಿದ್ದಾರೆ ಅಂತ ನೋಡಿ, ಆಮೇಲೆ ಟ್ಯಾಬ್‌ಗೆ ಹೋಗಿ. ನೀವು ದಿನವಿಡೀ ಸ್ಟಾಕ್ ಶೀಟ್ ನೋಡುವವರು. ಆಫೀಸಿನಲ್ಲಿ ಶೀಟ್ ತೆಗೆದಾಗ ಮೇಲಿನಿಂದ ಕೆಳಗಿನವರೆಗೆ ಓದುತ್ತೀರಾ? ಇಲ್ಲ ಅಲ್ವಾ, ಬೇಕಾದ ಸಾಲಿಗೆ ನೇರ ಹೋಗುತ್ತೀರಿ. ಇಲ್ಲೂ ಹಾಗೇ. ಪ್ರತಿ ವಿಭಾಗದ ಕೊನೆಯಲ್ಲಿ ಸಮಯ ಉಳಿದರೆ ಹಿಂದೆ ಹೋಗಿ ಮೂರು ಉತ್ತರದವರೆಗೆ ಬದಲಿಸಬಹುದು. ಅನುಮಾನ ಇರುವ ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗುವುದನ್ನು ಅಭ್ಯಾಸ ಮಾಡಿ.

ಡೇಟಾ ಇನ್‌ಸೈಟ್ಸ್ 75ರಿಂದ 80ಕ್ಕೆ, ವರ್ಬಲ್ 81ರಿಂದ 83ಕ್ಕೆ ಏರಿದರೆ ಸಾಕು, ಒಟ್ಟು ಅಂಕ 645ರ ಆಸುಪಾಸಿಗೆ ಬರುತ್ತದೆ. ಎರಡು ತಿಂಗಳಲ್ಲಿ ಇದು ಆಗುವ ಕೆಲಸ. ಒಂದು ಪರೀಕ್ಷೆಗೂ ಇನ್ನೊಂದಕ್ಕೂ 16 ದಿನ ಅಂತರ ಬೇಕು, 12 ತಿಂಗಳಲ್ಲಿ ಐದು ಸಲ ಬರೆಯಬಹುದು. ಅಂಕ ನೋಡಿದ ಮೇಲೆ ಯಾವುದನ್ನು ಕಳಿಸಬೇಕೆಂದು ನೀವೇ ತೀರ್ಮಾನಿಸಬಹುದು. ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಸೆಪ್ಟೆಂಬರ್ ಕೊನೆಗೆ ಒಂದು ಪ್ರಯತ್ನ, ಬೇಕಾದರೆ ಅಕ್ಟೋಬರ್ ಕೊನೆಗೆ ಇನ್ನೊಂದು. ಅಲ್ಲಿಗೆ ಪುಸ್ತಕ ಮುಚ್ಚಿ. ನವೆಂಬರ್‌ನಲ್ಲೂ ಜಿಮ್ಯಾಟ್ ಓದುತ್ತಿದ್ದರೆ ಎಸ್ಸೇ ಬಡವಾಗುತ್ತದೆ. ಜಿಮ್ಯಾಟ್ ಒಗ್ಗುವುದೇ ಇಲ್ಲ ಅನಿಸಿದರೆ ಇನ್ನೊಂದು ಪ್ರವೇಶ ಪರೀಕ್ಷೆಯಾದ ಜಿಆರ್‌ಇಯ ಒಂದು ಮಾಕ್ ಟೆಸ್ಟ್ ಬರೆದು ನೋಡಿ, ಬಹುತೇಕ ಸ್ಕೂಲುಗಳು ಅದನ್ನೂ ಒಪ್ಪುತ್ತವೆ.

ಶಿಫಾರಸು ಪತ್ರದ ವಿಷಯ ನನಗೆ ಅಂಕಕ್ಕಿಂತ ಜಾಸ್ತಿ ಚಿಂತೆ ತಂದಿತು. 'ನೀನೇ ಬರೆದು ಕಳಿಸು' ಅನ್ನೋ ಮಾತು ಎಲ್ಲ ಕಡೆ ಕೇಳುವಂಥದ್ದು. ನಿಮ್ಮ ಹಳೆಯ ಮ್ಯಾನೇಜರ್ ಕೆಟ್ಟ ಮನಸ್ಸಿನಿಂದ ಹೇಳಿರಲಾರರು. ಅವರಿಗೆ ಸಮಯವಿಲ್ಲ, ನಿಮ್ಮ ಮೇಲೆ ವಿಶ್ವಾಸವಿದೆ. ಆದರೂ ನೀವು ಬರೆಯಬೇಡಿ. ಸ್ಕೂಲುಗಳು ಇದನ್ನು ಅಪ್ರಾಮಾಣಿಕತೆ ಅಂತಲೇ ನೋಡುತ್ತವೆ, ಗೊತ್ತಾದರೆ ಕೊಟ್ಟ ಸೀಟನ್ನೂ ಹಿಂತೆಗೆದುಕೊಳ್ಳಬಹುದು. ಅದನ್ನು ಪಕ್ಕಕ್ಕಿಟ್ಟರೂ, ನಿಮ್ಮ ಎಸ್ಸೇ ಮತ್ತು ಆ ಪತ್ರ ಒಂದೇ ಕೈಯಿಂದ ಬಂದಿವೆ ಅನ್ನೋದು ಓದಿದವರಿಗೆ ತಿಳಿಯುತ್ತದೆ. ಅದೇ ವಾಕ್ಯದ ಉದ್ದ, ಅದೇ ಪದಗಳ ಚಟ.

ಇನ್ನೂ ದೊಡ್ಡ ನಷ್ಟ ಬೇರೆ ಇದೆ. ಅನೇಕ ಸ್ಕೂಲುಗಳು ಶಿಫಾರಸು ಮಾಡುವವರಿಗೆ ಕೇಳುವ ಮುಖ್ಯ ಪ್ರಶ್ನೆಗಳಲ್ಲಿ ಒಂದು ಇದು: ಈ ವ್ಯಕ್ತಿಗೆ ತಿದ್ದಿಕೊಳ್ಳಲು ನೀವು ಕೊಟ್ಟ ಅತಿ ಮುಖ್ಯ ಸಲಹೆ ಯಾವುದು, ಅದನ್ನು ಅವರು ಹೇಗೆ ತೆಗೆದುಕೊಂಡರು? ಇದಕ್ಕೆ ಒಳ್ಳೆಯ ಉತ್ತರ ನಿಮ್ಮ ಕೈಯಿಂದ ಬರಲಾರದು. ನಾವೇ ನಮ್ಮ ಬಗ್ಗೆ ಬರೆದರೆ 'ಅತಿಯಾಗಿ ಕೆಲಸ ಮಾಡುತ್ತಾರೆ' ಅನ್ನೋ ತಪ್ಪನ್ನೇ ಬರೆದುಕೊಳ್ಳುತ್ತೇವೆ. ನಿಜವಾದ ಮ್ಯಾನೇಜರ್ ಬರೆದರೆ ಬೇರೆ ಬರುತ್ತದೆ. ಒಂದು ಪತ್ರದಲ್ಲಿ ಓದಿದ್ದು ಇನ್ನೂ ನೆನಪಿದೆ. 'ಮೀಟಿಂಗಿನಲ್ಲಿ ಇವರು ಬೇರೆಯವರ ಮಾತು ಮುಗಿಯುವ ಮೊದಲೇ ಉತ್ತರ ಹೇಳುತ್ತಿದ್ದರು. ನಾನು ಹೇಳಿದ ಮೇಲೆ ನೋಟ್‌ಬುಕ್ ತರಲು ಶುರು ಮಾಡಿದರು, ಮೊದಲು ಬರೆದುಕೊಂಡು ಆಮೇಲೆ ಮಾತಾಡುತ್ತಿದ್ದರು' ಅಂತಿತ್ತು. ಆ ನೋಟ್‌ಬುಕ್ ಒಂದರಿಂದ ಆ ಹುಡುಗ ಹೇಗೆ ಬೆಳೆದ ಅನ್ನೋದು ಕಣ್ಣಿಗೆ ಕಟ್ಟಿತು.

ನಿಮ್ಮ ಹಳೆಯ ಮ್ಯಾನೇಜರ್ ಹತ್ತಿರ ಅರ್ಧ ಗಂಟೆ ಕೇಳಿ. ಫೋನಿನಲ್ಲಾದರೂ ಸರಿ. ಹೀಗೆ ಹೇಳಬಹುದು: "ಸರ್, ಪತ್ರ ನಾನು ಬರೆಯುವ ಹಾಗಿಲ್ಲ, ಸ್ಕೂಲಿನವರ ನಿಯಮ ಇದೆ. ಆದರೆ ನಿಮ್ಮ ಕೆಲಸ ಹಗುರ ಮಾಡುತ್ತೇನೆ." ಒಂದು ಪುಟದಲ್ಲಿ ನೀವಿಬ್ಬರೂ ಸೇರಿ ಮಾಡಿದ ನಾಲ್ಕೈದು ಕೆಲಸಗಳ ನೆನಪು, ತಾರೀಕು, ಅಂಕಿ ಬರೆದುಕೊಡಿ. ಅವರು ನಿಮ್ಮನ್ನು ಬೈದ ಒಂದು ಸಂದರ್ಭವನ್ನೂ ಸೇರಿಸಿ. ಇಂಥ ನೆನಪಿನ ಪುಟ ಕೊಡುವುದು ತಪ್ಪಲ್ಲ. ಸಾಮಾನ್ಯವಾಗಿ ಪ್ರಶ್ನೆಗಳು ಶಿಫಾರಸು ಮಾಡುವವರ ಇಮೇಲ್‌ಗೇ ನೇರ ಬರುತ್ತವೆ, ಉತ್ತರವನ್ನು ಅವರೇ ತುಂಬಬೇಕು. ಅದನ್ನೂ ಮೊದಲೇ ತಿಳಿಸಿ. ಅವರು ಆಗಲೂ ಒಪ್ಪದಿದ್ದರೆ ಬೇರೆಯವರನ್ನು ಹುಡುಕಿ. ದೊಡ್ಡ ಹುದ್ದೆಯವರೇ ಆಗಬೇಕೆಂದಿಲ್ಲ. ನಿಮ್ಮನ್ನು ಹೆಸರಿನಿಂದಷ್ಟೇ ಬಲ್ಲ ಡೈರೆಕ್ಟರ್‌ಗಿಂತ, ನಿಮ್ಮ ಕೆಲಸವನ್ನು ವಾರವಾರ ನೋಡಿದ ಸೀನಿಯರ್ ಒಳ್ಳೆಯ ಆಯ್ಕೆ.

ಹೆಚ್ಚಿನ ಸ್ಕೂಲುಗಳಿಗೆ ಒಂದು ಪತ್ರ ಈಗಿನ ಮ್ಯಾನೇಜರ್‌ದೇ ಆಗಿದ್ದರೆ ಇಷ್ಟ. ಸೆಪ್ಟೆಂಬರ್‌ನಲ್ಲಿ ಅವರಿಗೆ ನಿಮ್ಮ ಬಗ್ಗೆ ಹೇಳಲು ಏನೂ ಇರುವುದಿಲ್ಲ. ಡಿಸೆಂಬರ್‌ಗೆ ನಿಮ್ಮನ್ನು ಅರ್ಧ ವರ್ಷ ನೋಡಿರುತ್ತಾರೆ. ನಿಮ್ಮ ತಂಡದ ಆರು ಜನರ ಕೆಲಸದ ಫಲವೂ ಅಷ್ಟರಲ್ಲಿ ಕಾಣುತ್ತದೆ. ಈಗ ರೆಸ್ಯೂಮ್‌ನಲ್ಲಿ 'ಟೀಮ್ ಲೀಡ್, ಮೇ ತಿಂಗಳಿಂದ' ಅಂತ ಮಾತ್ರ ಬರೆಯಬಹುದು. ಆಗ ಆ ಸಾಲಿನ ಕೆಳಗೆ ಏನು ಬದಲಾಯಿತು ಅಂತ ಬರೆಯಬಹುದು. ನಾನು ಜನವರಿ ಅನ್ನಲು ಇದೇ ದೊಡ್ಡ ಕಾರಣ.

ಎಸ್ಸೇಯಲ್ಲಿ ಹೇಳಲು ಏನಿಲ್ಲ ಅಂದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಆ ಡಯಾಲಿಸಿಸ್ ಫಿಲ್ಟರ್ ವಾಕ್ಯವನ್ನು ನೀವು ಕ್ಷಮೆ ಕೇಳುವ ಧಾಟಿಯಲ್ಲಿ ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಎದ್ದು ಕಂಡದ್ದು ಅದೇ. ಆ ಮೂರು ರಾತ್ರಿ ಏನಾಯಿತು? ಯಾವ ಆಸ್ಪತ್ರೆಯಲ್ಲಿ ಎಷ್ಟು ದಿನದ ಫಿಲ್ಟರ್ ಉಳಿದಿತ್ತು ಅಂತ ನಿಮಗೆ ಹೇಗೆ ಗೊತ್ತಾಯಿತು? ಯಾರಿಗೆ ಫೋನ್ ಮಾಡಿದಿರಿ, ಯಾರು ಆಗಲ್ಲ ಅಂದರು? ಯಾರಿಗೆ ಮೊದಲು ಕೊಡಬೇಕು, ಯಾರಿಗೆ ಕಾಯಿರಿ ಅನ್ನಬೇಕು ಅನ್ನೋದನ್ನು ಯಾರು ತೀರ್ಮಾನಿಸಿದರು? ನೀವೇ ಆಗಿದ್ದರೆ, ಯಾವ ಲೆಕ್ಕದ ಮೇಲೆ? ಫಿಲ್ಟರ್ ಇಲ್ಲದಿದ್ದರೆ ಡಯಾಲಿಸಿಸ್ ನಿಲ್ಲುತ್ತದೆ. ಅದು ತಿಳಿದೇ ನೀವು ಮೂರು ರಾತ್ರಿ ಎದ್ದಿದ್ದಿರಿ. 'ನಾನು ಜಾಗತಿಕ ನಾಯಕಿಯಾಗಬೇಕು' ಅಂತ ಬರೆಯುವ ಅಗತ್ಯ ನಿಮಗಿಲ್ಲ. ಆ ರಾತ್ರಿಗಳನ್ನು ಇದ್ದ ಹಾಗೆ ಬರೆಯಿರಿ. ಪೂರೈಕೆಯ ಈ ಸಮಸ್ಯೆಯನ್ನು ನಾಳೆ ಇನ್ನೂ ದೊಡ್ಡ ಮಟ್ಟದಲ್ಲಿ ಬಿಡಿಸಲು ನಿಮಗೆ ಏನು ಗೊತ್ತಿಲ್ಲ, ಅದಕ್ಕೆ ಎಂಬಿಎ ಯಾಕೆ ಬೇಕು ಅನ್ನೋ ಮಾತು ಅಲ್ಲಿಂದ ತಾನಾಗಿ ಬರುತ್ತದೆ.

ಎಸ್ಸೇ ಪ್ರಶ್ನೆಗಳನ್ನು ಈ ವರ್ಷದ್ದೇ ನೋಡಿ. ಹಾರ್ವರ್ಡ್ 2024ರಲ್ಲಿ ತನ್ನ ಒಂದು ದೊಡ್ಡ ಎಸ್ಸೇ ಬಿಟ್ಟು ಮೂರು ಸಣ್ಣ ಎಸ್ಸೇಗೆ ಬದಲಾಯಿಸಿತು. ಸೀನಿಯರ್ ಕೊಟ್ಟ ಹಳೆಯ ಮಾದರಿ ಹಿಡಿದು ಕೂತವರು ಆ ವರ್ಷ ಮತ್ತೆ ಮೊದಲಿನಿಂದ ಬರೆದರು. ಒಂದು ಸ್ಕೂಲಿನ ಎಸ್ಸೇಗೆ ಮೂರು ವಾರ ಇಟ್ಟುಕೊಳ್ಳಿ. ಮೊದಲ ಕರಡು ಕೆಟ್ಟದಾಗಿಯೇ ಇರುತ್ತದೆ, ಹೆದರಬೇಡಿ. ಎರಡನೇ ಸ್ಕೂಲಿಗೆ ಅರ್ಧ ಸಮಯ ಸಾಕಾಗುತ್ತದೆ.

ವಯಸ್ಸಿನ ಮಾತು ಬೇಗ ಮುಗಿಸುತ್ತೇನೆ. ಈ ಸ್ಕೂಲುಗಳಲ್ಲಿ ವಯಸ್ಸಿನ ಮಿತಿ ಇಲ್ಲ. ಅಮೆರಿಕದ ದೊಡ್ಡ ಸ್ಕೂಲುಗಳಲ್ಲಿ ಸೇರುವವರ ಕೆಲಸದ ಅನುಭವ ಸರಾಸರಿ ಐದು ವರ್ಷದ ಆಸುಪಾಸು. ಇನ್ಸಿಯಾಡ್‌ನಲ್ಲಿ ಸರಾಸರಿ ವಯಸ್ಸು ಸುಮಾರು 29. ನೀವು ಸರಿಯಾಗಿ ಮಧ್ಯದಲ್ಲಿದ್ದೀರಿ. ವಯಸ್ಸು ಮೂವತ್ತು ದಾಟುತ್ತಾ ಹೋದ ಹಾಗೆ 'ಈಗ ಯಾಕೆ?' ಅನ್ನೋ ಪ್ರಶ್ನೆ ಗಟ್ಟಿಯಾಗುತ್ತದೆ, ಅದು ನಿಜ. ನಿಮಗೆ ಅದಿನ್ನೂ ದೂರ.

ಜನವರಿ ದಾರಿಯಲ್ಲೂ ಅಪಾಯಗಳಿವೆ, ಅದನ್ನು ಮುಚ್ಚಿಡುವುದಿಲ್ಲ. ಮಾರ್ಚ್ ಕೊನೆಗೆ ಫಲಿತಾಂಶ ಬಂದರೆ ತರಗತಿಗೆ ನಾಲ್ಕೈದು ತಿಂಗಳಷ್ಟೇ ಇರುತ್ತದೆ. ಸಾಲ, ವೀಸಾ, ರಾಜೀನಾಮೆ ಎಲ್ಲ ಅದರೊಳಗೇ ಆಗಬೇಕು. ಬ್ಯಾಂಕಿನಲ್ಲಿ ಬೇಕಾಗುವ ಕಾಗದಗಳನ್ನು ಫೆಬ್ರವರಿಯಲ್ಲೇ ಜೋಡಿಸಿಡಿ. ಡಿಸೆಂಬರ್ ಕೊನೆಯ ವಾರ ಶಿಫಾರಸು ಮಾಡುವವರು ರಜೆಯಲ್ಲಿರುತ್ತಾರೆ. ಅವರಿಗೆ ಗಡುವು ಡಿಸೆಂಬರ್ 15 ಅಂತಲೇ ಹೇಳಿ. ಐದೂ ಅರ್ಜಿ ಒಟ್ಟಿಗೆ ಬಿದ್ದರೆ ಕೊನೆಯದು ಸೊರಗುತ್ತದೆ, ಹಾಗಾಗಿ ನಿಮಗೆ ಅತಿ ಇಷ್ಟವಾದ ಸ್ಕೂಲನ್ನು ಎರಡನೆಯದಾಗಿ ಬರೆಯಿರಿ. ಮೊದಲನೆಯದರಲ್ಲಿ ಕೈ ಪಳಗಿರುತ್ತದೆ, ದಣಿವು ಇನ್ನೂ ಬಂದಿರುವುದಿಲ್ಲ.

ಅರ್ಜಿ ಕಳಿಸಿದ ಮೇಲೂ ಕೆಲಸ ಇದೆ. ಅಮೆರಿಕದ ವಾರ್ಟನ್ ಸ್ಕೂಲಿನಲ್ಲಿ ಕೆಲವು ಅಭ್ಯರ್ಥಿಗಳನ್ನು ಒಟ್ಟಿಗೆ ಕೂರಿಸಿ ಒಂದು ವಿಷಯದ ಮೇಲೆ ಚರ್ಚೆ ಮಾಡಿಸುತ್ತಾರೆ. ಹಾರ್ವರ್ಡ್‌ನಲ್ಲಿ ಸಂದರ್ಶನಕ್ಕೆ ಕರೆದರೆ ಅದಕ್ಕೂ ತಯಾರಾಗಿರಬೇಕು. ಫೆಬ್ರವರಿಯಲ್ಲಿ ದೊಡ್ಡ ರಜೆ, ಊರೂರು ಓಡಾಟ ಇಟ್ಟುಕೊಳ್ಳಬೇಡಿ.

ಇನ್ನೊಂದು ದಾರಿ ಅರ್ಧ ಅರ್ಧ ಮಾಡುವುದು, ಒಂದೆರಡು ಸ್ಕೂಲಿಗೆ ಈಗ, ಉಳಿದವಕ್ಕೆ ಜನವರಿಯಲ್ಲಿ. ಜಿಮ್ಯಾಟ್ ಮುಗಿದಿರುವವರಿಗೆ ನಾನೇ ಇದನ್ನು ಹೇಳುತ್ತೇನೆ, ಆದರೆ ನಿಮಗೆ ಇನ್ನೂ ಪರೀಕ್ಷೆ ಬಾಕಿ ಇದೆ. ಇನ್ಸಿಯಾಡ್ ಲೆಕ್ಕ ಬೇರೆ. ಅಲ್ಲಿ ವರ್ಷಕ್ಕೆ ಎರಡು ಸಲ ತರಗತಿ ಶುರುವಾಗುತ್ತದೆ, ಆಗಸ್ಟ್ ಕೊನೆಯ ಹೊತ್ತಿಗೆ ಒಂದು, ಜನವರಿಯಲ್ಲಿ ಒಂದು. ಪ್ರತಿಯೊಂದಕ್ಕೂ ಹಲವು ರೌಂಡ್ ಇವೆ. ಕೋರ್ಸ್ ಹತ್ತೇ ತಿಂಗಳು. ಸಪ್ಲೈ ಚೈನ್ ಬಿಟ್ಟು ಪೂರ್ತಿ ಬೇರೆ ಕ್ಷೇತ್ರಕ್ಕೆ ಹಾರುವ ಯೋಚನೆ ಇದ್ದರೆ, ನಡುವೆ ಬೇಸಿಗೆ ಇಂಟರ್ನ್‌ಶಿಪ್ ಸಿಗುವ ಎರಡು ವರ್ಷದ ಕೋರ್ಸ್ ಅಥವಾ ಇನ್ಸಿಯಾಡ್‌ನ ಜನವರಿ ಬ್ಯಾಚ್ ಅನುಕೂಲ. ಇದೇ ಕ್ಷೇತ್ರದಲ್ಲಿ ಮೇಲೆ ಹೋಗುವುದಾದರೆ ಹತ್ತು ತಿಂಗಳು ಸಾಕು, ಸಂಬಳ ಬಿಟ್ಟು ಕೂರುವ ಕಾಲವೂ ಕಡಿಮೆ.

ಅಕ್ಟೋಬರ್ ಕೊನೆಗೂ ಅಂಕ 605ರಲ್ಲೇ ನಿಂತರೆ ಎರಡು ಆಯ್ಕೆ ಇವೆ. ಪಟ್ಟಿಗೆ ನಿಮ್ಮ ಅಂಕಕ್ಕೆ ಹೊಂದುವ ಎರಡು ಸ್ಕೂಲು ಸೇರಿಸಿಕೊಂಡು ಜನವರಿಗೇ ಹಾಕಬಹುದು. ಇಲ್ಲವೇ ಮುಂದಿನ ಸೆಪ್ಟೆಂಬರ್‌ವರೆಗೆ ಕಾಯಬಹುದು. ಆ ತೀರ್ಮಾನ ಈಗ ಬೇಡ, ಆ ಅಂಕ ಕೈಗೆ ಬಂದ ದಿನ ಮಾಡಿದರೆ ಸಾಕು.

ಈ ವಾರ ಎರಡೇ ಕೆಲಸ ಮಾಡಿ. ಸೆಪ್ಟೆಂಬರ್ ಕೊನೆಗೆ ಜಿಮ್ಯಾಟ್ ಸ್ಲಾಟ್ ಬುಕ್ ಮಾಡಿ. ಭಾನುವಾರ ಒಂದು ಗಂಟೆ ಕೂತು ಆ ಮೂರು ರಾತ್ರಿಗಳಲ್ಲಿ ನೆನಪಿರುವುದನ್ನೆಲ್ಲ ಬರೆಯಿರಿ. ವ್ಯಾಕರಣ, ಪದಮಿತಿ ಯಾವುದನ್ನೂ ನೋಡಬೇಡಿ. ಯಾರು ಫೋನ್ ಎತ್ತಿದರು, ಯಾರು ಎತ್ತಲಿಲ್ಲ ಅನ್ನೋದರಿಂದ ಶುರು ಮಾಡಿ.